ಗಂಡು ಹೂ ಬಿಟ್ಟ ಬಳ್ಳಿ

"ನಿಮ್ಮ ಠಾಣೆ ಇರೋದು ಬೇಲೂರು ತಾಲ್ಲೂಕಲ್ಲಿ. ಇದು ಅರಸೀಕೆರೆ. ದಾರಿಗೀರಿ ತಪ್ಪಿದ್ರಾ ಮೇಡಂ?"

ತೆಂಗಿನ ತೋಟದ ಗೇಟಿಗೆ ಅಡ್ಡಲಾಗಿ ನಿಂತಿದ್ದ ಚನ್ನೇಶ್, ಚಾಚಿದ ವಾರಂಟನ್ನು ಮುಟ್ಟಲೂ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಬೆಳಗಿನ ವಿಭೂತಿ. ಪೇಟೆಯಲ್ಲಿ ಅವನದು ಗೊಬ್ಬರ, ಔಷಧಿಯ ಅಂಗಡಿ. ಎದುರಿಗೆ ನಿಂತವರು ಸಾಲ ಕೇಳಲು ಬಂದವರು ಎಂಬಂತೆ ನೋಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಸಬ್ ಇನ್ಸ್‌ಪೆಕ್ಟರ್ ಮಂಜುಶ್ರೀ ಹಾಳೆಯನ್ನು ಅವನ ಮುಖದ ನೇರಕ್ಕೆ ಎತ್ತಿದಳು.

"ಓದಿ. ಕೋರ್ಟಿನ ಮೊಹರು ಕೆಳಗಿದೆ. ಇಲ್ಲಿನ ಠಾಣೆಗೂ ಹೇಳಿಯೇ ಬಂದಿದ್ದೀನಿ."

"ಕನ್ನಡಕ ಅಂಗಡೀಲಿದೆ."

"ಹಾಗಾದ್ರೆ ನಮ್ಮ ಕುಮಾರಸ್ವಾಮಿ ಓದಿ ಹೇಳ್ತಾರೆ. ಅವರು ಮುಗಿಸೋ ಹೊತ್ತಿಗೆ ನಾನು ಒಳಗಿರ್ತೀನಿ."

ಹೆಡ್ ಕಾನ್‌ಸ್ಟೇಬಲ್ ಕುಮಾರಸ್ವಾಮಿ ಗಂಟಲು ಸರಿ ಮಾಡಿಕೊಂಡ. ಚನ್ನೇಶ್ ಪಕ್ಕಕ್ಕೆ ಸರಿದ, ಒಬ್ಬರು ನುಸುಳುವಷ್ಟು ಮಾತ್ರ. ಮಂಜುಶ್ರೀ ಅವನ ಭುಜಕ್ಕೆ ತಾಗಿಕೊಂಡೇ ಒಳಗೆ ನಡೆದಳು.

ಬಸ್ತಿಹಳ್ಳಿಯ ಕೃಷಿಹೊಂಡದಲ್ಲಿ ತಲೆಗೆ ಪೆಟ್ಟು ಬಿದ್ದ ಉಮೇಶನ ಹೆಣ ತೇಲಿ ತಿಂಗಳಾಗುತ್ತ ಬಂದಿತ್ತು. ಅವನ ಕಪಾಳಕ್ಕೆ ಹಿಂದಿನ ದಿನವಷ್ಟೇ ಊರೆದುರು ಹೊಡೆದಿದ್ದ ಹಗರೆಯ ಮನು ಅಂದಿನಿಂದ ಜೈಲಿನಲ್ಲಿದ್ದ.

ಉಮೇಶ ಇದ್ದದ್ದು ಶಾಂತಾದೇವಿಯವರ ಬೀಜದ ಕಂಪನಿಯಲ್ಲಿ. ಮಿಡಿಸೌತೆಯ ಹೈಬ್ರಿಡ್ ಬೀಜಕ್ಕೆ ಅವರು ಹೆಸರುವಾಸಿ. ಅದರ ತಾಯಿ ತಳಿಯನ್ನು ಬಸ್ತಿಹಳ್ಳಿಯ ನೆಟ್‌ಹೌಸಿನಲ್ಲಿ ಬೀಗ ಹಾಕಿ ಬೆಳೆಸುತ್ತಿದ್ದರು. ಕೀ ಇದ್ದದ್ದು ಉಮೇಶನ ಬಳಿ. ಸುತ್ತಲ ಹಳ್ಳಿಗಳ ರೈತರು ತಾಯಿ ಬಳ್ಳಿಯ ಸಾಲು, ತಂದೆ ಬಳ್ಳಿಯ ಸಾಲು ಹಾಕಿ ಅವರಿಗೆ ಬೀಜ ಮಾಡಿಕೊಡುತ್ತಿದ್ದರು. ಮನು ಅವರಲ್ಲೊಬ್ಬ. ಈ ಸಲ ಅವನ ಹೊಲದ ತಂದೆ ಸಾಲಿನಲ್ಲಿ ಒಂದೇ ಒಂದು ಗಂಡು ಹೂ ಬಿಡಲಿಲ್ಲ. ಪರಾಗವಿಲ್ಲದೆ ಬೆಳೆ ಪೂರ್ತಿ ಹೋಯಿತು. ಕಂಪನಿಯವನೆಂದು ಉಮೇಶನ ಕಪಾಳಕ್ಕೆ ಏಟು ಬಿದ್ದದ್ದು ಆ ಸಿಟ್ಟಿಗೆ. ಮರುದಿನ ಹೆಣ ಸಿಕ್ಕಾಗ ಮನುವಿನ ಮೇಲೆ ದೂರು ಬರೆಸಿದವರು ಶಾಂತಾದೇವಿಯವರೇ.

ಕೇಸು ಮುಗಿಯಿತೆಂದು ಎಲ್ಲರೂ ಕೈ ತೊಳೆದುಕೊಂಡಿದ್ದರು, ಮಂಜುಶ್ರೀ ಒಬ್ಬಳ ಹೊರತು. ಶವಾಗಾರದಲ್ಲಿ ಅವಳು ಉಮೇಶನ ಬಲಗೈ ಬೆರಳುಗಳನ್ನು ನೋಡಿದ್ದಳು. ಹೆಬ್ಬೆರಳು, ತೋರುಬೆರಳ ತುದಿ ಮಸಿಗಿಂತ ಕಪ್ಪು. ತಲೆಗೆ ಹಚ್ಚುವ ಬಣ್ಣವಿರಬೇಕು ಎಂದಿದ್ದರು ಡಾಕ್ಟರು. ಉಮೇಶನ ತಲೆಯಲ್ಲಿ ನರೆತ ಕೂದಲು ಸಾಕಷ್ಟಿತ್ತು. ಬಣ್ಣ ಹಚ್ಚುವವನ ತಲೆ ಅದಲ್ಲ.

"ಅಗ್ರಿಕಲ್ಚರ್ ಓದಿದವರನ್ನ ಪೊಲೀಸಿಗೆ ತಗೊಂಡ್ರೆ ಹೀಗೇ ಕಣ್ರೀ," ಎಂದು ಸರ್ಕಲ್ ಸಾಹೇಬರು ಎಲ್ಲರ ಮುಂದೆಯೇ ಅಂದಿದ್ದರು. "ಹೆಣ ಬಿಟ್ಟು ಉಗುರು ನೋಡ್ತಾರೆ."

ಅವಳು ಮಾತ್ರ ಉಮೇಶನ ಫೋನು ಎಲ್ಲೆಲ್ಲಿ ಓಡಾಡಿತ್ತೆಂದು ತೆಗೆಸಿದ್ದಳು. ಭಾನುವಾರ ಬಂತೆಂದರೆ ಅದು ಬಸ್ತಿಹಳ್ಳಿ ಬಿಟ್ಟು ಈ ತೆಂಗಿನ ತೋಟದ ಸುತ್ತ ಬಂದು ಕೂರುತ್ತಿತ್ತು. ತೋಟ ಶಾಂತಾದೇವಿಯವರ ಮೈದುನ ಚನ್ನೇಶನ ಉಸ್ತುವಾರಿಯಲ್ಲಿತ್ತು.

ತೆಂಗಿನ ಸಾಲುಗಳು ಮುಗಿಯುವಲ್ಲಿ, ಮಟ್ಟೆಯ ಗುಡ್ಡೆಯ ಹಿಂದೆ, ಬಿಳಿ ಬಲೆಯ ಮನೆಯೊಂದು ಕಾಣಿಸಿತು. ಬಾಗಿಲಿಗೆ ಬೀಗ.

"ತೆಗೀರಿ," ಎಂದಳು.

"ಕೀ ತಂದಿಲ್ಲ."

"ಕುಮಾರಸ್ವಾಮಿ, ಆ ಕಲ್ಲು ತಗೊಳ್ಳಿ."

ಚನ್ನೇಶ್ ಹಲ್ಲು ಕಚ್ಚಿಕೊಂಡು ಜೇಬಿಗೆ ಕೈ ಹಾಕಿದ.

ಒಳಗೆ ಬಿಸಿಲಿನ ಬೇಗೆಯೂ ಒದ್ದೆ ಮಣ್ಣಿನ ವಾಸನೆಯೂ ಒಟ್ಟಿಗೆ ಮುಖಕ್ಕೆ ಹೊಡೆದವು. ದಾರದ ಮೇಲೆ ಎದೆಮಟ್ಟಕ್ಕೆ ಹಬ್ಬಿದ ಸೌತೆಬಳ್ಳಿ, ಸಾಲು ಸಾಲು. ಮಂಜುಶ್ರೀ ಟೋಪಿ ತೆಗೆದು ಕುಮಾರಸ್ವಾಮಿಯ ಕೈಗೆ ಕೊಟ್ಟು ಮೊದಲ ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಬುಡದಿಂದ ಒಂದೊಂದೇ ಗೆಣ್ಣನ್ನು ಬೆರಳಲ್ಲಿ ಹಿಡಿದು ಮೇಲಕ್ಕೆ ಹೋದಳು. ಎರಡನೇ ಬಳ್ಳಿ. ಮೂರನೆಯದು. ಸಾಲಿನ ಕೊನೆಗೆ ಹೋಗಿ ಇನ್ನೊಂದು.

"ಸೌತೆಕಾಯಿ ಬೇಕಾಗಿತ್ತಾ?" ಚನ್ನೇಶ್ ನಕ್ಕ. "ಕೇಳಿದ್ರೆ ಠಾಣೆಗೇ ಕಳಿಸ್ತಿದ್ದೆ."

"ಇದು ನಿಮ್ಮ ಅತ್ತಿಗೆಯವರ ತಾಯಿ ತಳಿ."

"ಸೌತೆ ಸೌತೆ ಥರಾನೇ ಇರುತ್ತೆ. ಹೆಸರು ಬರೆದಿದೆಯಾ ಎಲೆ ಮೇಲೆ?"

"ಬರೆದಿದೆ." ಅವಳು ಬಳ್ಳಿಯ ನಡುವಿನ ಒಂದು ಹೂವನ್ನು ತೋರಿಸಿದಳು. ಹೂವಿನ ಬುಡದಲ್ಲಿ ಬೆರಳುಗುರಿನಷ್ಟು ಮಿಡಿ. "ಕುಮಾರಸ್ವಾಮಿ, ಇದು ಹೆಣ್ಣು ಹೂ. ನಿಮ್ಮ ಹಿತ್ತಲ ಸೌತೇಲಿ ಗಂಡು ಹೂ ಮೊದಲು, ರಾಶಿ ರಾಶಿ. ಹೆಣ್ಣು ಆಮೇಲೆ, ಅಲ್ಲೊಂದು ಇಲ್ಲೊಂದು. ಈ ತಳೀಲಿ ಹಾಗಲ್ಲ. ಇದಕ್ಕೆ ಬಿಡೋದೆಲ್ಲ ಹೆಣ್ಣೇ. ಅದಕ್ಕೇ ಇದು ತಾಯಿ ತಳಿ."

"ಬರೀ ಹೆಣ್ಣಾದ್ರೆ ಇದೇ ತಳಿ ಬೀಜ ಎಲ್ಲಿಂದ ಬರುತ್ತೆ ಮೇಡಂ?" ಕುಮಾರಸ್ವಾಮಿ ಕೇಳಿದ.

"ಅದೇ ಪ್ರಶ್ನೆ. ಬರಲ್ಲ. ಬೇರೆ ಗಂಡು ಸೇರಿಸಿದ್ರೆ ಬೀಜ ಬರುತ್ತೆ, ಆದ್ರೆ ಈ ತಳಿ ಅಲ್ಲ. ಈ ತಳೀನೇ ಬೇಕು ಅಂದ್ರೆ ಈ ಬಳ್ಳಿಯಿಂದಲೇ ಒಂದಷ್ಟು ಗಂಡು ಹೂ ಬಿಡಿಸ್ಬೇಕು."

ಅವಳು ಚನ್ನೇಶನ ಕಡೆ ನೋಡುತ್ತಲೇ ಮುಂದುವರಿಸಿದಳು. ಗಿಡದ ಹಾರ್ಮೋನುಗಳ ಬಗ್ಗೆ ಅವನಿಗೆ ಹೇಳಬೇಕಾದ್ದೇನೂ ಇರಲಿಲ್ಲ. ತೆಂಗಿನ ಎಳೆಮಿಡಿ ಉದುರದಂತೆ ಹೊಡೆಯುವುದು, ದ್ರಾಕ್ಷಿ ಉಬ್ಬಿಸುವುದು, ಬಾಳೆಗೊನೆ ಮಾಗಿಸುವುದು ಎಲ್ಲವೂ ಅವನ ಅಂಗಡಿಯ ಕಪಾಟಿನಲ್ಲಿದ್ದವು. ಅವಳು ಹೇಳಿದ್ದು ಕುಮಾರಸ್ವಾಮಿಗೆ.

"ಬಾಳೆಹಣ್ಣು ಮಾಗುವಾಗ ಒಂದು ಅನಿಲ ಬರುತ್ತಲ್ಲ, ಎಥಿಲೀನ್, ಎಲ್ಲ ಗಿಡಾನೂ ತನ್ನೊಳಗೆ ಅದನ್ನ ಮಾಡ್ಕೊಳ್ಳುತ್ತೆ. ಸೌತೆ ಬಳ್ಳೀಲಿ ಅದರ ಕೈ ಮೇಲಾದ್ರೆ ಮೊಗ್ಗು ಹೆಣ್ಣಾಗುತ್ತೆ. ಜಿಬ್ಬರೆಲಿನ್ ಅಂತ ಇನ್ನೊಂದಿದೆ, ಅದರ ಕೈ ಮೇಲಾದ್ರೆ ಗಂಡು. ಈ ತಳೀಲಿ ಎಥಿಲೀನ್ ಜಾಸ್ತಿ. ಸಿಲ್ವರ್ ನೈಟ್ರೇಟ್, ಅಂದ್ರೆ ಬೆಳ್ಳಿ ಉಪ್ಪಿನ ನೀರು ಹೊಡೆದ್ರೆ ಬಳ್ಳಿಗೆ ಆ ಎಥಿಲೀನ್ ಇದೆ ಅನ್ನೋದೇ ತಿಳಿಯಲ್ಲ. ಸ್ವಲ್ಪ ದಿನ ಗಂಡು ಹೂ ಬಿಡುತ್ತೆ. ಆಮೇಲೆ ಮತ್ತೆ ಹೆಣ್ಣು."

"ಆ ಬೆಳ್ಳಿ ನೀರು ಕೈಗೆ ತಾಕಿದ್ರೆ..."

"ಬಿಸಿಲು ಬಿದ್ದ ಕೂಡಲೇ ಕಪ್ಪು. ಸೋಪಿಗೆ ಹೋಗಲ್ಲ, ಪೆಟ್ರೋಲಿಗೂ ಹೋಗಲ್ಲ. ಆ ಚರ್ಮ ಸುಲಿದು ಹೊಸದು ಬರ್ಬೇಕು."

ಕುಮಾರಸ್ವಾಮಿ ಮೆಲ್ಲನೆ ಚನ್ನೇಶನ ಕೈ ನೋಡಿದ. ಚನ್ನೇಶ್ ಎರಡೂ ಕೈಗಳನ್ನು ಎತ್ತಿ ಅಂಗೈ ತಿರುಗಿಸಿ ತಿರುಗಿಸಿ ತೋರಿಸಿದ. ಬೆರಳುಗಳು ಶುಭ್ರವಾಗಿದ್ದವು.

"ನೋಡ್ಕೊಳ್ಳಿ. ಸಮಾಧಾನ ಆಯ್ತಾ? ಬೇಕಾದ್ರೆ ಕಾಲೂ ತೋರಿಸ್ತೀನಿ."

"ನೀವು ಹೊಡೆದಿಲ್ಲ. ಹೊಡೀತಿದ್ದೋನು ಉಮೇಶ. ಬಸ್ತಿಹಳ್ಳಿಯಿಂದ ಬೀಜ ಕದ್ದು ತಂದು ಭಾನುವಾರ ಭಾನುವಾರ ಇಲ್ಲಿ ನಿಮಗೆ ತಳಿ ಮಾಡಿಕೊಡ್ತಿದ್ದ."

"ಕದ್ದು ಅನ್ಬೇಡಿ!" ಚನ್ನೇಶನ ನಗು ಹೋಯಿತು. ಪೇಟೆಯ ಮಾತೂ ಹೋಯಿತು. "ಆ ಕಂಪನಿ ಕಟ್ಟಿದ್ದು ನಮ್ಮಣ್ಣ. ಈ ತಳಿ ಆರಿಸುವಾಗ ಅವನ ಜೊತೆ ಹೊಲದಲ್ಲಿ ಮಣ್ಣು ಹೊತ್ತೋನು ನಾನು. ಅಣ್ಣ ಸತ್ತ ಹನ್ನೊಂದನೇ ದಿನಕ್ಕೆ ಅತ್ತಿಗೆ ನನ್ನ ಹೊರಗೆ ಹಾಕುದ್ರು. ಹೆಂಗೆ ಗೊತ್ತಾ? ಬಾಗಿಲ ಬೀಗ ಬದಲಾಯಿಸಿ. ಒಂದು ಮಾತಿಲ್ಲ. ನಂದು ನಾನು ತಗಂಡೀನಿ. ಅದು ಕಳ್ಳತನ ಅಂದ್ರೆ ಕೇಸ್ ಹಾಕ್ಕೊಳ್ಳಿ, ಕೋರ್ಟಲ್ಲಿ ನೋಡ್ಕತೀನಿ."

"ಮನು ಹೊಲದ ತಂದೆ ಸಾಲಿಗೆ ಹಣ್ಣು ಮಾಗಿಸೋ ಔಷಧಿ ಹೊಡೆಸಿದ್ದೂ ನೀವೇನಾ? ಅಲ್ಲಿ ಗಂಡು ಹೂ ಇಲ್ಲದ ಹಾಗೆ ಮಾಡಿದ್ದು ಅದೇ ಎಥಿಲೀನ್."

"ಇಲ್ಲ."

"ಅತ್ತಿಗೆ ಬೆಳೆ ಹಾಳಾದ್ರೆ ನಿಮಗೆ ಲಾಭ."

"ಇಲ್ಲ ಅಂದ್ನಲ್ಲ! ಉಮೇಶನ್ನೂ ಕೇಳಿದ್ದೆ. ನಾನು ಮುಟ್ಟಿಲ್ಲ ಅಂತ ಲಿಂಗ ಮುಟ್ಟಿ ಆಣೆ ಮಾಡ್ದ." ಅವನು ಒಂದು ಹೆಜ್ಜೆ ಹತ್ತಿರ ಬಂದ. ಕುಮಾರಸ್ವಾಮಿ ಟೋಪಿಯನ್ನು ಎಡಗೈಗೆ ಬದಲಾಯಿಸಿದ. "ಮೇಡಂ, ನೀವು ಓದಿದೋರು. ಯೋಚನೆ ಮಾಡಿ. ಉಮೇಶ ಸತ್ರೆ ನಷ್ಟ ಯಾರಿಗೆ? ನನಗೆ. ಈ ಕೆಲಸ ನನಗೆ ಬರಲ್ಲ. ಅವನು ಹೋದ್ಮೇಲೆ ಇಲ್ಲಿ ನೀರು ಬಿಡೋದು ಬಿಟ್ರೆ ನಾನು ಏನೂ ಮಾಡಿಲ್ಲ. ನನ್ನ ಕೈಯನ್ನ ನಾನೇ ಕಡ್ಕತೀನಾ?"

ಆ ಮಾತಿನಲ್ಲಿ ಹುರುಳಿತ್ತು. ಬರುವಾಗಲೇ ಮಂಜುಶ್ರೀ ಅದನ್ನು ಯೋಚಿಸಿದ್ದಳು.

"ಏನೂ ಮಾಡಿಲ್ಲ?"

"ಏನೂ ಇಲ್ಲ."

"ಇಲ್ಲಿ ಬನ್ನಿ. ಬಗ್ಗಿ."

ಅವನು ಬಗ್ಗಲಿಲ್ಲ. ಅವಳು ಬಳ್ಳಿಯ ದಾರವನ್ನೇ ಸಡಿಲಿಸಿ ಅವನ ಕಣ್ಣಿನ ಮುಂದಕ್ಕೆ ಎಳೆದಳು.

"ಬಳ್ಳಿ ಬುಡದಿಂದ ತುದಿಗೆ ಬೆಳೆಯುತ್ತೆ. ಬುಡದ ಗೆಣ್ಣು ಹಳೇದು, ತುದೀದು ಹೊಸದು. ಇಲ್ಲಿ, ಕೆಳಗೆ, ಒಣಗಿದ ಹೂ ನೋಡಿ. ಗೊಂಚಲು ಗೊಂಚಲು, ತೊಟ್ಟು ಸಣ್ಣ, ಬುಡದಲ್ಲಿ ಮಿಡಿ ಇಲ್ಲ. ಗಂಡು. ಬಳ್ಳಿ ಎಳೇದಿದ್ದಾಗ ಉಮೇಶ ಹೊಡೆದ ಬೆಳ್ಳಿ ನೀರಿನ ಫಲ. ಅದರ ಮೇಲಕ್ಕೆ ಬನ್ನಿ. ಔಷಧಿ ಕಸುವು ಹೋಯ್ತು, ಮತ್ತೆ ಹೆಣ್ಣು, ಹೆಣ್ಣು, ಹೆಣ್ಣು. ಕಾಯಿ ಕಚ್ಚಿವೆ. ಇಲ್ಲಿಗೆ ನಿಲ್ಬೇಕಿತ್ತು. ಈಗ ತುದಿ ನೋಡಿ."

ತುದಿಯ ಗೆಣ್ಣುಗಳಲ್ಲಿ ಮೊಗ್ಗುಗಳು ಒತ್ತೊತ್ತಾಗಿ ಮುತ್ತಿಕೊಂಡಿದ್ದವು. ಒಂದಕ್ಕೂ ಮಿಡಿ ಇರಲಿಲ್ಲ.

"ಗಂಡು," ಎಂದ ಕುಮಾರಸ್ವಾಮಿ, ಯಾರೂ ಕೇಳದಿದ್ದರೂ.

"ಎಲೇನೂ ನೋಡಿ. ಬೆಳ್ಳಿ ನೀರು ಎಲೆ ಅಂಚು ಸುಡುತ್ತೆ. ಕೆಳಗಿನ ಎಲೆ ಸುಟ್ಟಿದೆ. ನಡುವೆ ಹಸಿರು. ಮೇಲೆ ಮತ್ತೆ ಸುಟ್ಟಿದೆ. ಎರಡನೇ ಸಲ ಯಾರೋ ಹೊಡೆದಿದ್ದಾರೆ ಚನ್ನೇಶ್ ಅವ್ರೇ, ಇತ್ತೀಚೆಗೆ. ಹೆಚ್ಚಂದ್ರೆ ಎರಡು ವಾರ ಆಗಿರ್ಬೇಕು. ಉಮೇಶ ಆಗ ಮಣ್ಣಲ್ಲಿದ್ದ. ಮನು ಜೈಲಲ್ಲಿದ್ದ."

ಚನ್ನೇಶ್ ಈಗ ಬಗ್ಗಿದ. ತುದಿಯ ಮೊಗ್ಗನ್ನು ಬೆರಳಿನಿಂದ ಸರಿಸಿ ನೋಡಿದ. ಪಕ್ಕದ ಬಳ್ಳಿ ನೋಡಿದ. ಅದರ ಪಕ್ಕದ್ದು. ಅವನ ಕುತ್ತಿಗೆಯ ಹಿಂದೆ ಬೆವರು ಕಾಲರಿಗೆ ಇಳಿಯಿತು.

"ಎಲೆ ಸುಟ್ಟಿದ್ದು ನೋಡಿದ್ದೆ. ರೋಗ ಅಂದ್ಕಂಡೆ. ರೋಗದ ಔಷಧಿ ಹೊಡೆದೆ."

"ಈ ಬೀಗಕ್ಕೆ ಎಷ್ಟು ಕೀ?"

"ಎರಡು. ಒಂದು ಇದು. ಇನ್ನೊಂದು ಉಮೇಶನ ತಾವ ಇತ್ತು."

"ಹೆಣದ ಜೇಬಲ್ಲಿ ಬೈಕಿನ ಕೀ ಬಿಟ್ರೆ ಬೇರೆ ಇರ್ಲಿಲ್ಲ. ಬಸ್ತಿಹಳ್ಳೀದೂ ಇಲ್ಲ, ಇದೂ ಇಲ್ಲ."

ಮಂಜುಶ್ರೀ ಬಳ್ಳಿಯ ದಾರ ಬಿಡದೆ ಮುಂದುವರಿಸಿದಳು.

"ಉಮೇಶನ ಕೀ ತಗೊಂಡೋರು ಇಲ್ಲಿಗೆ ಬಂದಿದ್ದಾರೆ. ಅವನಿಗೆ ಗೊತ್ತಿದ್ದ ಕೆಲಸ ಅವರಿಗೂ ಗೊತ್ತು. ನಿಮ್ಮ ಬೆನ್ನ ಹಿಂದೇನೇ ನಿಮ್ಮ ಬಳ್ಳಿಗೆ ಔಷಧಿ ಹೊಡೆದು ಹೋಗಿದ್ದಾರೆ. ಈಗ ಹೇಳಿ. ಎಲೆ ಸುಡೋದಕ್ಕೆ ಮುಂಚೆ ಈ ತೋಟಕ್ಕೆ ಯಾರು ಬಂದಿದ್ರು?"

"ಯಾರೂ ಇಲ್ಲ."

"ನಿಮ್ಮ ಕಣ್ಣು ಬಾಗಿಲ ಕಡೆ ಹೋಯ್ತು."

"ಯಾರೂ ಬಂದಿಲ್ಲ ಅಂದ್ರೆ ಬಂದಿಲ್ಲ! ನಮ್ಮ ತೋಟದಲ್ಲಿ ನಿಂತ್ಕಂಡು ನನ್ನನ್ನೇ ಗದರಿಸ್ತೀರಾ? ಇದು ನಮ್ಮ ಮನೆ ವಿಚಾರ. ಹೊರಗಿನೋರಿಗೆ ಏನು ಕೆಲಸ ಇದರಲ್ಲಿ?"

"ಮನೆ ವಿಚಾರದಲ್ಲಿ ಹೆಣ ಬಿದ್ದಿದೆ. ಯಾರ ಹೆಸರೂ ಹೇಳದಿದ್ರೆ ಸರಿ. ಉಮೇಶನಿಗೂ ನಿಮಗೂ ಸಂಬಂಧ ಇತ್ತು, ಕೀ ನಿಮ್ಮ ಹತ್ರ ಇತ್ತು, ಬಳ್ಳಿ ನಿಮ್ಮ ತೋಟದಲ್ಲಿದೆ. ಮನು ಜಾಗದಲ್ಲಿ ನೀವು ಕೂತ್ಕೊಳ್ಳಿ. ಕುಮಾರಸ್ವಾಮಿ, ಜೀಪು ಹತ್ರಕ್ಕೆ ತರೋಕೆ ಹೇಳಿ."

ಕುಮಾರಸ್ವಾಮಿ ಬಾಗಿಲ ಕಡೆ ನಡೆದ.

"ತಡೀರಿ."

ಚನ್ನೇಶ್ ಔಷಧಿ ಡ್ರಮ್ಮಿನ ಮೇಲೆ ಕೂತುಬಿಟ್ಟ. ಬಿಳಿ ಅಂಗಿಗೆ ಕೆಸರು ಹತ್ತಿದ್ದು ಅವನ ಗಮನಕ್ಕೆ ಬರಲಿಲ್ಲ.

"ಈ ತೋಟ ಇನ್ನೂ ಭಾಗ ಆಗಿಲ್ಲ. ಕಾಯಿ ಕೀಳಿಸೋವಾಗ ಅತ್ತಿಗೆ ಬತ್ತಾರೆ. ಎಲೆ ಸುಡೋಕೆ ಮುಂಚೆ ಒಂದಿನ ಹಂಗೇ ಬಂದಿದ್ರು. ಮರ ಹತ್ತೋರು ಕಾಯಿ ಕೆಡವ್ತಾ ಇದ್ರು, ನಾನು ಎಣಿಸೋದರಲ್ಲಿದ್ದೆ. ತಿರುಗಿ ನೋಡ್ತೀನಿ, ಅತ್ತಿಗೆ ಇಲ್ಲ." ಅವನು ಬಾಗಿಲ ಕಡೆ ಕೈ ತೋರಿಸಿದ. "ಈ ಬಾಗಿಲಿಂದ ಹೊರಗೆ ಬತ್ತಾ ಇದ್ರು. ನಾನು ಬೀಗ ಹಾಕಿದ್ದೆ ಮೇಡಂ. ಹಾಕಿದ್ದು ಚೆನ್ನಾಗಿ ನೆನಪೈತೆ."

"ಏನಂದ್ರು?"

"ಬೈತಾರೆ, ಪೊಲೀಸಿಗೆ ಹೇಳ್ತಾರೆ ಅಂದ್ಕಂಡೆ. ಅವರು ಸೆರಗು ಸರಿ ಮಾಡ್ಕಂಡು, 'ಬಳ್ಳಿ ಚೆನ್ನಾಗಿ ಬಂದಿದೆ ಚನ್ನೇಶ, ನೀರು ತಪ್ಪಿಸ್ಬೇಡ' ಅಂದ್ರು. ಅಷ್ಟೇ. ಕಾರು ಹತ್ತಿ ಹೋದ್ರು."

ಮಂಜುಶ್ರೀಯ ಕೈಯಿಂದ ಬಳ್ಳಿಯ ದಾರ ಜಾರಿತು.

ಹಾಗಾದರೆ ಉಮೇಶನ ಕೀ ಶಾಂತಾದೇವಿಯವರ ಕೈಯಲ್ಲಿತ್ತು; ಕದ್ದ ಬಳ್ಳಿಯಿಂದ ತಳಿಯ ಬೀಜ ತಾವೇ ತೆಗೆಯಲು ಹೊರಟಿದ್ದರೇನೋ. ತಮ್ಮ ತಳಿ ಕಳುವಾಗಿದೆಯೆಂದು ಅವರು ಪೊಲೀಸರಿಗೆ ಒಂದು ಮಾತೂ ಹೇಳಿರಲಿಲ್ಲ. ಮಂಜುಶ್ರೀ ಎರಡು ಸಲ ಅವರ ಮನೆಗೆ ಹೋಗಿ ವಿಚಾರಿಸಿದಾಗಲೂ ಉಮೇಶನಷ್ಟು ನಂಬಿಕಸ್ಥ ಇಲ್ಲವೆಂದು ಕಣ್ಣೊರೆಸಿಕೊಂಡಿದ್ದರು. ಮನುವಿಗೆ ಶಿಕ್ಷೆಯಾಗಲೇಬೇಕೆಂದು ಒತ್ತಿ ಒತ್ತಿ ಹೇಳಿದ್ದರು.

"ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ರಿ?"

"ಯಾಕೆ ಅಂದ್ರೆ?" ಚನ್ನೇಶ್ ತಲೆ ಎತ್ತಿದ. ಅವನ ಕಣ್ಣಲ್ಲಿ ಈಗಲೂ ದ್ವೇಷವೇ ಇತ್ತು, ಆದರೆ ಅದರ ಗುರಿ ಬದಲಾಗಿತ್ತು. "ನೀವು ಅವರನ್ನ ನೋಡಿರೋದು ಸೋಫಾ ಮೇಲೆ ಕೂತು ಕಾಫಿ ಕೊಡುವಾಗ. ನಾನು ಆ ಮನೇಲಿ ಇಪ್ಪತ್ತು ವರ್ಷ ಊಟ ಮಾಡೀನಿ. ಅವರು ಬೈದ್ರೆ ಭಯ ಇಲ್ಲ. ಚೆನ್ನಾಗಿದೆ ಅಂದ್ರಲ್ಲ, ಅವತ್ತಿಂದ ಈ ಗೇಟು ಬಿಟ್ಟು ನಾನು ಅಲ್ಲಾಡಿಲ್ಲ."

ಅವನ ಜೇಬಿನಲ್ಲಿ ಫೋನು ಗುನುಗಿತು.

ತೆಗೆದು ನೋಡಿದವನು ಅದನ್ನು ಸುಡುವ ಕೆಂಡದಂತೆ ಅವಳ ಕಡೆಗೆ ಚಾಚಿದ. ತೆರೆಯ ಮೇಲೆ 'ಅತ್ತಿಗೆ' ಎಂದಿತ್ತು.

"ಸ್ಪೀಕರ್ ಹಾಕಿ. ನಾನಿಲ್ಲ ಅಂದ್ಕೊಂಡು ಮಾತಾಡಿ."

ಚನ್ನೇಶ್ ಒತ್ತಿದ. "ಹೇಳಿ ಅತ್ತಿಗೆ."

"ಫೋನನ್ನ ಆ ಹುಡುಗಿ ಕೈಗೆ ಕೊಡು ಚನ್ನೇಶ."

ದನಿ ಮೃದುವಾಗಿತ್ತು. ಪೂಜೆ ಮುಗಿಸಿ ಪ್ರಸಾದಕ್ಕೆ ಕರೆಯುವವರ ದನಿ.

"ಕೇಳಿಸ್ತಿದೆ ಅಮ್ಮ. ಹೇಳಿ," ಎಂದಳು ಮಂಜುಶ್ರೀ.

"ನಮ್ಮ ತೋಟಕ್ಕೆ ಯಾರು ಬಂದ್ರೂ ನನಗೆ ತಿಳಿಯುತ್ತಮ್ಮ, ಬೇಜಾರು ಮಾಡ್ಕೋಬೇಡಿ. ನಾನು ಈಗ ತಾನೇ ಹಾಸನದಿಂದ ಹೊರಟೆ. ಮನುಗೆ ನಿನ್ನೆ ಕೋರ್ಟಲ್ಲಿ ಜಾಮೀನಾಯ್ತಂತೆ. ಶ್ಯೂರಿಟಿ ಹಾಕೋಕೆ ಯಾರೂ ಮುಂದೆ ಬರಲಿಲ್ಲ ಪಾಪ. ನಾನೇ ಹಾಕಿದೆ."

ಕುಮಾರಸ್ವಾಮಿ ಬಾಗಿಲಲ್ಲೇ ನಿಂತುಬಿಟ್ಟ.

"ಅವನ ಮೇಲೆ ದೂರು ಕೊಟ್ಟವರು ನೀವು."

"ಹೌದು. ದೂರು ಕೊಟ್ಟವರು ಶ್ಯೂರಿಟಿ ಹಾಕಬಾರದು ಅಂತ ಎಲ್ಲಿ ಬರೆದಿದೆ?"

"ಮನು ಎಲ್ಲಿ?"

"ನನ್ನ ಕಾರಲ್ಲೇ ಕೂತಿದ್ದಾನೆ."

"ಅವನನ್ನ ನೇರ ಹಗರೆಗೆ ಕರ್ಕೊಂಡು ಹೋಗಿ ಅವರಮ್ಮನ ಹತ್ರ ಬಿಡಿ."

"ಬಿಡ್ತೀನಿ. ನೀವು ಬಳ್ಳಿ ಮುಟ್ಟದೆ, ಫೋಟೋಗೀಟೋ ತೆಗೀದೆ, ಬಂದ ಹಾಗೇ ಹೊರಗೆ ಹೋಗಿ. ಅದು ನಮ್ಮ ಯಜಮಾನ್ರು ಮಾಡಿದ ತಳಿ. ಅದರ ಜಗಳ ನಮ್ಮ ಮನೆ ಒಳಗೇ ಮುಗೀಲಿ."

"ಮುಗಿಯಲ್ಲ ಅಮ್ಮ. ಈ ಬಳ್ಳಿ ಕೋರ್ಟಿಗೆ ಬರುತ್ತೆ. ಉಮೇಶ ಸತ್ತ ಮೇಲೆ ಇಲ್ಲಿಗೆ ಯಾರು ಬಂದಿದ್ರು ಅಂತ ಅಲ್ಲೇ ಹೇಳ್ತೀರಂತೆ. ಮನು ಮೈ ಮೇಲೆ ಒಂದು ಗೀರು ಬಿದ್ರೂ..."

"ಗೀರು ಯಾಕೆ ಬೀಳುತ್ತಮ್ಮ? ನನ್ನ ಮಗನ ಸಮ ಅವನು." ಶಾಂತಾದೇವಿ ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. "ನೀವು ಯಾರನ್ನ ಬಿಡಿಸೋಕೆ ಅಂತ ಇಷ್ಟು ಓಡಾಡ್ತಿದ್ದೀರೋ, ಅವನ ಬಾಯಲ್ಲೇ ಕೇಳಿ. ತಗೊಳ್ಳಪ್ಪ, ಮಾತಾಡು."

ಫೋನು ಕೈ ಬದಲಾಯಿಸಿದ ಸದ್ದು. ಕಾರಿನ ಗಾಜಿಗೆ ಗಾಳಿ ಬಡಿಯುವ ಸದ್ದು.

"ಮೇಡಂ."

"ಮನು, ಹೆದರಬೇಡ. ಈಗ ಯಾವ ಊರು ದಾಟ್ತಿದ್ದೀರಿ ಅಷ್ಟು ಹೇಳು ಸಾಕು."

"ನಂಗೇನೂ ಹೆದ್ರಿಕೆ ಇಲ್ಲ ಮೇಡಂ. ನೀವು ನನಗೋಸ್ಕರ ಎಲ್ಲಾರ ಕೈಲೂ ಅನ್ನಿಸ್ಕಂಡ್ರಿ. ಅದಕ್ಕೇ ಹೇಳ್ತಾ ಇವ್ನಿ. ಆ ಬಳ್ಳಿ ಬಿಟ್ಬಿಡಿ. ಅವತ್ತು ಉಮೇಶಣ್ಣನ್ನ ಹೊಂಡದ ತಾವ್ಕೆ ಕರ್ಸಿದ್ದು ನಾನೇ."